ಏರು ಹತ್ತುವಾಗ ಟ್ರಾಕ್ಷನ್ ಕಂಟ್ರೋಲ್ ಆನ್ ಇರಬೇಕಾ, ಆಫ್ ಮಾಡಬೇಕಾ?

ಕೆಸರುಗಾಲಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಗಾಡಿ ತೆಗೆದುಕೊಂಡು ಎಂಟು ತಿಂಗಳಾಯಿತು. ಫೋರ್ ವೀಲ್ ಡ್ರೈವ್, ಆಟೋಮ್ಯಾಟಿಕ್ ಗೇರ್, ಡಿಫ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವುದು) ಇಲ್ಲ. ಕಳೆದ ಭಾನುವಾರ ಮೊದಲ ಸಲ ನಿಜವಾದ ಕಚ್ಚಾ ದಾರಿಗೆ ಇಳಿಸಿದೆ. ಮರ್ಯಾದೆ ಹೋಯಿತು.

ಮಳೆ ನೀರು ಕೊರೆದು ಹಾಕಿದ್ದ ಏರು ಅದು. ಎಡಗಡೆ ಮುಂದಿನ ಚಕ್ರ ಒಂದು ಗುಂಡಿಗೆ ಇಳಿಯಿತು, ಬಲಗಡೆ ಹಿಂದಿನದು ಇನ್ನೊಂದು ಗುಂಡಿಗೆ. ಆ ಎರಡೂ ಚಕ್ರ ಸುಮ್ನೆ ತಿರುಗತೊಡಗಿದವು. ಜಾರುವ ಕಾರಿನ ಚಿತ್ರ ಇರುವ ಹಳದಿ ದೀಪ, ಅಂದರೆ ಚಕ್ರ ಜಾರುವುದನ್ನು ತಡೆಯುವ ಟ್ರಾಕ್ಷನ್ ಕಂಟ್ರೋಲ್‌ನ ದೀಪ, ಮಿಣಮಿಣ ಎನ್ನುತ್ತಿತ್ತು. ಕೆಳಗಿನಿಂದ ಕಟಕಟ, ಗರ್ರ್ ಅಂತ ಸದ್ದು. ಏನೋ ಮುರಿಯಿತು ಅಂದುಕೊಂಡು ಕಾಲು ತೆಗೆದೆ. ಮತ್ತೆ ಒತ್ತಿದೆ, ಮತ್ತೆ ಸದ್ದು, ಮತ್ತೆ ತೆಗೆದೆ. ಆರೇಳು ಸಲ ಇದೇ ಕಥೆ. ಕೊನೆಗೆ ಕಾಲು ಪೂರ್ತಿ ಒತ್ತಿದರೂ ಎಂಜಿನ್ ಉಸಿರು ಕಟ್ಟಿದ ಹಾಗೆ ಕೊರಗುತ್ತಿತ್ತು, ಆರ್‌ಪಿಎಂ ಏರಲೇ ಇಲ್ಲ.

ಹಿಂದೆ ಬರುತ್ತಿದ್ದ ಗೆಳೆಯನ ಹಳೇ ಜೀಪಿನಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಲ್ಲದಂತೆ ತಡೆಯುವುದು) ಕೂಡ ಇಲ್ಲ. ಅದು ಪಕ್ಕದಲ್ಲೇ ಹತ್ತಿ ಹೋಗಿ, ಹಗ್ಗ ಕಟ್ಟಿ ನನ್ನನ್ನು ಎಳೆಯಿತು. ಅವನು ಹೇಳುವುದು ಒಂದೇ ಮಾತು: "ಆ ಟ್ರಾಕ್ಷನ್ ಬಟನ್ ಆಫ್ ಮಾಡು, ಎಲೆಕ್ಟ್ರಾನಿಕ್ಸ್ ಎಲ್ಲಾ ಡಾಂಬರು ರಸ್ತೆಗೆ." ಇನ್ನೊಬ್ಬ ಗೆಳೆಯ ಹೇಳುತ್ತಾನೆ, "ಆಫ್ ಮಾಡಿದರೆ ನಿನ್ನ ಗಾಡಿಯಲ್ಲಿ ಉಳಿಯುವುದು ಏನು?" ಯಾರ ಮಾತು ಸರಿ?

---

ಹಳೇಜೀಪು

ಮೊದಲನೇ ಗೆಳೆಯನದು. ಆಫ್ ಮಾಡಿ. ಮುಗೀತು.

---

ಗೇರುಪೆಟ್ಟಿಗೆ

ಮುಗಿದಿಲ್ಲ ಸಾರ್, ಈಗ ಶುರು 😄

ಕೆಸರುಗಾಲಿಯವರೇ, ಒಂದು ಮುಖ್ಯ ವಿಷಯ ಹೇಳಲಿಲ್ಲ. ಆಗ ಗಾಡಿ ಫೋರ್ ಹೈನಲ್ಲಿತ್ತಾ (ನಾಲ್ಕೂ ಚಕ್ರ, ಸಾಮಾನ್ಯ ಗೇರ್), ಫೋರ್ ಲೋನಲ್ಲಿತ್ತಾ (ನಾಲ್ಕೂ ಚಕ್ರ, ವೇಗ ಕಡಿಮೆ, ಬಲ ಜಾಸ್ತಿ)?

---

ಕೆಸರುಗಾಲಿ

ಫೋರ್ ಹೈ. ಲೋ ಹಾಕಬೇಕು ಅಂತ ಹೊಳೆಯಲೇ ಇಲ್ಲ. ಫೋರ್ ವೀಲ್ ಅಂದಮೇಲೆ ನಾಲ್ಕೂ ಚಕ್ರ ಎಳೆಯುತ್ತವೆ, ಸಾಕು ಅಂದುಕೊಂಡೆ.

---

ಗೇರುಪೆಟ್ಟಿಗೆ

ಅರ್ಧ ಉತ್ತರ ಇಲ್ಲೇ ಇದೆ. ಉಳಿದರ್ಧ ನಿಮ್ಮ ಬಲಗಾಲಿನಲ್ಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಟ್ರಾಕ್ಷನ್ ಕಂಟ್ರೋಲ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಒಳಗೆ ಇರುವುದು ಎರಡು ಬೇರೆ ಕೆಲಸ. ಒಂದು, ಚಕ್ರ ಜಾರಿದರೆ ಎಂಜಿನ್ನಿನ ಶಕ್ತಿ ಕಡಿಮೆ ಮಾಡುವುದು. ಇನ್ನೊಂದು, ಯಾವ ಚಕ್ರ ಜಾರುತ್ತಿದೆಯೋ ಅದಕ್ಕೆ ಮಾತ್ರ ಬ್ರೇಕ್ ಹಿಡಿಯುವುದು. ಮೊದಲನೆಯದು ಒದ್ದೆ ಡಾಂಬರು ರಸ್ತೆಯಲ್ಲಿ ಪ್ರಾಣ ಉಳಿಸುತ್ತದೆ, ಏರಿನಲ್ಲಿ ಕುತ್ತಿಗೆ ಹಿಸುಕುತ್ತದೆ. ಎರಡನೆಯದು ಡಿಫ್ ಲಾಕ್ ಇಲ್ಲದ ಗಾಡಿಗೆ ಏರಿನಲ್ಲಿ ಇರುವ ಒಂದೇ ಆಸರೆ. ನಿಮ್ಮ ಇಬ್ಬರು ಗೆಳೆಯರೂ ಸರಿ. ಒಬ್ಬರು ಮೊದಲನೇ ಅರ್ಧದ ಬಗ್ಗೆ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಎರಡನೆಯದರ ಬಗ್ಗೆ.

ಬಹಳಷ್ಟು ಗಾಡಿಗಳಲ್ಲಿ ಫೋರ್ ಲೋ ಹಾಕಿದ ತಕ್ಷಣ ಎಂಜಿನ್ ಕಡಿತ ತಾನಾಗಿ ಸುಮ್ಮನಾಗುತ್ತದೆ, ಬ್ರೇಕ್ ಭಾಗ ಮಾತ್ರ ಕೆಲಸ ಮಾಡುತ್ತಾ ಇರುತ್ತದೆ. ನೀವು ಹೈನಲ್ಲಿದ್ದಿರಿ. ಹಾಗಾಗಿ ಒಂದು ಕೈ ಚಕ್ರಕ್ಕೆ ಬ್ರೇಕ್ ಹಿಡಿಯುತ್ತಿತ್ತು, ಇನ್ನೊಂದು ಕೈ ಎಂಜಿನ್ನಿನ ಬಾಯಿ ಮುಚ್ಚುತ್ತಿತ್ತು. ಉಸಿರು ಕಟ್ಟಿದ ಹಾಗೆ ಅಂದಿರಲ್ಲ, ಅದೇ ಇದು.

ಇನ್ನು ಆ ಕಟಕಟ ಸದ್ದು. ಏನೂ ಮುರಿದಿಲ್ಲ. ಅದು ಎಬಿಎಸ್ ಪಂಪು ಮತ್ತು ವಾಲ್ವುಗಳ ಸದ್ದು. ಸೆಕೆಂಡಿಗೆ ಎಷ್ಟೋ ಸಲ ಬ್ರೇಕ್ ಹಿಡಿದು ಬಿಡುತ್ತಿರುತ್ತದೆ. ಆ ಸದ್ದು ಕೇಳಿಸಿತು ಅಂದರೆ ಕೆಲಸ ಶುರುವಾಯಿತು ಅಂತ ಅರ್ಥ. ನೀವು ಸರಿಯಾಗಿ ಅದೇ ಹೊತ್ತಿಗೆ ಕಾಲು ತೆಗೆದಿರಿ.

---

ಸುಮ್ನೆಓದುವವ

ಹೊಸಬರೆಲ್ಲ ಮಾಡುವ ತಪ್ಪೇ ಇದು. ನಾನೂ ಮಾಡಿದ್ದೆ. ಆ ಸದ್ದು ಕೇಳಿ ಗಾಡಿ ನಿಲ್ಲಿಸಿ ಕೆಳಗೆ ಮಲಗಿ ಆಕ್ಸಲ್ ನೋಡಿದ್ದೆ. ಬಟ್ಟೆಯೆಲ್ಲ ಕೆಸರು.

---

ಲೆಕ್ಕದಮೇಷ್ಟ್ರು

ಕಾಲು ಯಾಕೆ ತೆಗೆಯಬಾರದು ಅನ್ನುವುದಕ್ಕೆ ಲೆಕ್ಕ ಇದೆ. ಸಾದಾ ಡಿಫ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರ್) ಎರಡು ಕಡೆಗೂ ಯಾವಾಗಲೂ ಸಮಾನ ತಿರುಚು ಬಲ ಕೊಡುತ್ತದೆ. ಗಾಳಿಯಲ್ಲಿ ತೇಲುವ ಚಕ್ರ 50 ನ್ಯೂಟನ್ ಮೀಟರ್‌ಗಿಂತ ಜಾಸ್ತಿ ತಡೆಯಲಾರದು ಅಂದುಕೊಳ್ಳಿ. ಆಗ ನೆಲ ಕಚ್ಚಿ ನಿಂತಿರುವ ಚಕ್ರಕ್ಕೂ 50 ಮಾತ್ರ ಸಿಗುತ್ತದೆ. ಗಾಡಿ ಅಲ್ಲಾಡುವುದಿಲ್ಲ. ಈಗ ತೇಲುವ ಚಕ್ರಕ್ಕೆ ಬ್ರೇಕ್ 500ರಷ್ಟು ತಡೆ ಒಡ್ಡಿತು ಅನ್ನಿ. ಆ ಕಡೆ 550 ಆಯಿತು. ಡಿಫ್ ನಿಯಮದಂತೆ ಈ ಕಡೆಗೂ 550. ಗಾಡಿ ಏರುತ್ತದೆ.

ಆದರೆ ಎಂಜಿನ್ ಈಗ ಒಟ್ಟು 1100 ಕೊಡಬೇಕು. ಅದರಲ್ಲಿ 500 ಬ್ರೇಕಿಗೇ ಹೋಯಿತು, ಬರೀ ಬಿಸಿ. ಅಂದರೆ ಸುಮಾರು ಅರ್ಧ ಶಕ್ತಿ ಬ್ರೇಕ್ ಪ್ಯಾಡಿನಲ್ಲಿ ಸುಟ್ಟು ಹೋಗುತ್ತಿದೆ. ಕಾಲು ಸಡಿಲಿಸಿದರೆ ಬ್ರೇಕನ್ನು ಮೀರಿ ನೂಕಲು ಏನೂ ಉಳಿಯುವುದಿಲ್ಲ. ಅದಕ್ಕೇ ಫೋರ್ ಲೋ ಬೇಕು. ಅದೇ ಎಂಜಿನ್, ಗೇರ್ ಅನುಪಾತದಿಂದ ಚಕ್ರಕ್ಕೆ ಎರಡು ಎರಡೂವರೆ ಪಟ್ಟು ಬಲ.

(ಅಂಕಿ ಎಲ್ಲ ಉದಾಹರಣೆಗೆ ಮಾತ್ರ. ನಿಮ್ಮ ಗಾಡಿಯ ಬ್ರೇಕ್ ಎಷ್ಟು ಅಂತ ಕೇಳಬೇಡಿ.)

---

ಹಳೇಜೀಪು

ಲೆಕ್ಕ ಚೆನ್ನಾಗಿದೆ ಮೇಷ್ಟ್ರೇ. ಹಾಗಾದರೆ ನನ್ನಂಥವರ ಜೀಪು ಯಾವ ಲೆಕ್ಕದಲ್ಲಿ ಹತ್ತಿತು? ಅದಕ್ಕೂ ಸಾದಾ ಡಿಫ್ಫೇ. ಬ್ರೇಕ್ ಹಿಡಿಯುವ ಕಂಪ್ಯೂಟರೂ ಇಲ್ಲ.

---

ಲೆಕ್ಕದಮೇಷ್ಟ್ರು

ಗೆಳೆಯ ಯಾವ ಸಾಲಿನಲ್ಲಿ ಹತ್ತಿದರು ಅನ್ನುವುದು ಮುಖ್ಯ. ಪಕ್ಕದಲ್ಲಿ ಅಂದಿದ್ದಾರೆ. ಎರಡು ಗುಂಡಿಯೂ ಅವರಿಗೆ ಸಿಕ್ಕಿರಲಿಕ್ಕಿಲ್ಲ. ಸ್ವಲ್ಪ ವೇಗವೂ ಇದ್ದಿರಬೇಕು. ಓಟ ಇದ್ದಾಗ ಅರ್ಧ ಸೆಕೆಂಡ್ ಚಕ್ರ ತೇಲಿದರೂ ಗಾಡಿ ದಾಟಿಬಿಡುತ್ತದೆ.

---

ಕೆಸರುಗಾಲಿ

ಹೌದು, ಅವನು ಎಡದ ದಿಣ್ಣೆಯ ಮೇಲೆ ಚಕ್ರ ಇಟ್ಟುಕೊಂಡು ಹೋದ. ನಾನು ಅಲ್ಲೇ ಹೋಗಬೇಕಿತ್ತು. ಈಗ ಹೇಳಿದರೆ ಅವನು ಇನ್ನೂ ಹಾರಾಡುತ್ತಾನೆ.

---

ಹಳೇಜೀಪು

ಅದೇ ನಾನು ಹೇಳುವುದು. ಕಣ್ಣು ನೋಡಿ ದಾರಿ ಆರಿಸಬೇಕು. ಸೆನ್ಸರ್ ನೋಡುವುದಿಲ್ಲ. ಅದಕ್ಕೆ ಚಕ್ರ ಜಾರಿದ ಮೇಲೇ ಗೊತ್ತಾಗುವುದು.

---

ಗೇರುಪೆಟ್ಟಿಗೆ

ಇದನ್ನು ಒಪ್ಪುತ್ತೇನೆ. ಡಿಫ್ ಲಾಕ್ ಜಾರುವ ಮೊದಲೇ ಎರಡು ಚಕ್ರವನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ಟ್ರಾಕ್ಷನ್ ಕಂಟ್ರೋಲ್ ಜಾರಿದ ಮೇಲೆ ಎದ್ದೇಳುತ್ತದೆ. ಹಾಗಾಗಿ ಅದಕ್ಕೆ ಸ್ವಲ್ಪ ಜಾರಲು ಬಿಡಬೇಕು. ಚಕ್ರ ಒಂದು ಸುತ್ತು ತಿರುಗುವ ಮೊದಲೇ ಹೆದರಿ ಕಾಲು ತೆಗೆದರೆ ಅದು ಎದ್ದೇಳುವುದೇ ಇಲ್ಲ.

ಕಾಲು ಒತ್ತುವುದು ಅಂದರೆ ಧಡ್ ಅಂತ ತುಳಿಯುವುದೂ ಅಲ್ಲ. ನಿಧಾನವಾಗಿ ಒತ್ತಿ, ಸದ್ದು ಬಂದ ಮೇಲೆ ಅಲ್ಲೇ ಹಿಡಿದುಕೊಳ್ಳಿ, ಎರಡು ಮೂರು ಸೆಕೆಂಡ್. ಗಾಡಿ ಸ್ವಲ್ಪ ಅಲುಗಾಡಿ, ಯಾರೋ ಹಿಂದಿನಿಂದ ನೂಕಿದ ಹಾಗೆ ಮುಂದೆ ಬರುತ್ತದೆ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ಪ್ರತಿ ಸಲ ಮೊದಲಿನಿಂದ ಶುರು.

---

ಮರಳುಗಾಡಿ

ನಿಲ್ಲಿ ನಿಲ್ಲಿ. ಇಲ್ಲಿ ಎಲ್ಲರೂ ಬರೀ ಕಲ್ಲು, ಏರು ಅಂತಿದ್ದೀರಿ. ಮರಳಿನಲ್ಲಿ ಇದೇ ಸಲಹೆ ಪಾಲಿಸಿದರೆ ಹೊಟ್ಟೆ ತನಕ ಹೂತು ಹೋಗುತ್ತೀರಿ.

ಮೃದು ಮರಳಿನಲ್ಲಿ ನಾಲ್ಕೂ ಚಕ್ರ ಸ್ವಲ್ಪ ಜಾರುತ್ತಲೇ ಇರುತ್ತವೆ, ಜಾರಬೇಕು ಕೂಡ. ಕಂಪ್ಯೂಟರಿಗೆ ಅದು ಅಪಾಯ ಅಂತ ಅನಿಸುತ್ತದೆ, ಎಂಜಿನ್ ಕತ್ತರಿಸುತ್ತದೆ. ಓಟ ಹೋಯಿತು ಅಂದರೆ ಮರಳಿನಲ್ಲಿ ಎಲ್ಲಾ ಹೋದ ಹಾಗೆ. ಅದಕ್ಕಿಂತ ಕೆಟ್ಟದ್ದು ಇಎಸ್‌ಪಿ (ಗಾಡಿ ಅಡ್ಡ ಜಾರದಂತೆ ಕಾಯುವ ವ್ಯವಸ್ಥೆ). ದಿಬ್ಬದ ಮೇಲೆ ಸ್ಟೀರಿಂಗ್ ತಿರುಗಿಸುತ್ತೀರಿ, ಗಾಡಿ ಸ್ವಲ್ಪ ಅಡ್ಡ ಜಾರುತ್ತದೆ, ಅದು ಒಂದು ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಅಲ್ಲೇ ಕೂತುಬಿಡುತ್ತದೆ. ಮರಳಿಗೆ ಇಳಿಯುವ ಮೊದಲು ನಾನು ಎರಡು ಕೆಲಸ ಮಾಡುತ್ತೇನೆ: ಟೈರಿನ ಗಾಳಿ 15ರಿಂದ 18 ಪಿಎಸ್‌ಐಗೆ ಇಳಿಸುವುದು, ಬಟನ್ ಉದ್ದಕ್ಕೆ ಒತ್ತಿ ಇಎಸ್‌ಪಿ ಆಫ್ ಮಾಡುವುದು. ಮರಳಿನಲ್ಲಿ ಗಾಳಿ ಇಳಿಸುವುದು ಯಾವ ಎಲೆಕ್ಟ್ರಾನಿಕ್ಸ್‌ಗಿಂತಲೂ ದೊಡ್ಡದು. ವಾಪಸ್ ತುಂಬಲು ಕಂಪ್ರೆಸರ್ ಇರಲಿ. ಅಷ್ಟು ಕಡಿಮೆ ಗಾಳಿಯಲ್ಲಿ ಜೋರಾಗಿ ತಿರುಗಿಸಬೇಡಿ, ಟೈರು ರಿಮ್ ಬಿಟ್ಟು ಕಳಚಿಕೊಳ್ಳುತ್ತದೆ.

---

ಹಸಿರುದೀಪ

"ಬಟನ್ ಉದ್ದಕ್ಕೆ ಒತ್ತಿ" ಅಂದರೆ? ನಾನು ಒಂದು ಸಲ ಟಕ್ ಅಂತ ಒತ್ತುತ್ತೇನೆ. ಆಫ್ ಅಂತ ದೀಪ ಬರುತ್ತದೆ.

---

ಮರಳುಗಾಡಿ

ಎಷ್ಟೋ ಗಾಡಿಗಳಲ್ಲಿ ಒಂದು ಸಲ ಒತ್ತಿದರೆ ಎಂಜಿನ್ ಕಡಿತ ಮಾತ್ರ ಆಫ್. ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಇಎಸ್‌ಪಿಯೂ ಆಫ್. ಕೆಲವದರಲ್ಲಿ ಎಷ್ಟು ಒತ್ತಿದರೂ ಪೂರ್ತಿ ಆಫ್ ಆಗುವುದೇ ಇಲ್ಲ. ಇನ್ನು ಕೆಲವು ನಿರ್ದಿಷ್ಟ ವೇಗ ದಾಟಿದರೆ ತಾವೇ ಆನ್ ಆಗುತ್ತವೆ. ನಿಮ್ಮ ಗಾಡಿಯ ಪುಸ್ತಕ ಓದಿ. ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿರುತ್ತೀರಲ್ಲ, ಅದೇ.

---

ಹಸಿರುದೀಪ

ಇದು ನನಗೇ ಹೇಳಿದ್ದು ಅಂತ ಗೊತ್ತಾಯಿತು 😂 ಓದಿದೆ. ನನ್ನದರಲ್ಲಿ ಉದ್ದಕ್ಕೆ ಒತ್ತಿದರೂ ಬ್ರೇಕ್ ಭಾಗ ಆನ್ ಇರುತ್ತದಂತೆ. ಮೂರು ವರ್ಷ ಎಲ್ಲಾ ಆಫ್ ಆಗಿದೆ ಅಂದುಕೊಂಡು ಓಡಿಸಿದ್ದೇನೆ.

---

ಗ್ರೀಸುಕೈ

ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು. ಕೆಸರುಗಾಲಿ ಅವರು "ಕೊನೆಗೆ ಪೂರ್ತಿ ಒತ್ತಿದರೂ ಏರಲಿಲ್ಲ" ಅಂದರಲ್ಲ. ಆ ಹೊತ್ತಿಗೆ ಟ್ರಾಕ್ಷನ್ ದೀಪ ಮಿಣುಕುತ್ತಿತ್ತಾ, ಹಾಗೇ ಹತ್ತಿಕೊಂಡು ನಿಂತಿತ್ತಾ?

---

ಕೆಸರುಗಾಲಿ

ಸರಿಯಾಗಿ ನೆನಪಿಲ್ಲ ಸಾರ್. ಮಿಣುಕುತ್ತಿತ್ತು ಅನಿಸುತ್ತದೆ. ಆಮೇಲೆ ಸುಟ್ಟ ವಾಸನೆ ಬಂತು, ಅದು ನೆನಪಿದೆ.

---

ಗ್ರೀಸುಕೈ

ಮಿಣುಕಿದರೆ ಕೆಲಸ ಮಾಡುತ್ತಿದೆ. ಹತ್ತಿ ನಿಂತರೆ ಆಫ್ ಆಗಿದೆ, ಇಲ್ಲವೇ ಕೆಟ್ಟಿದೆ, ಇಲ್ಲವೇ ಬಿಸಿಯಾಗಿ ಕೈ ಎತ್ತಿದೆ. ಮೇಷ್ಟ್ರು ಅರ್ಧ ಶಕ್ತಿ ಬ್ರೇಕಿನಲ್ಲಿ ಸುಡುತ್ತದೆ ಅಂದರು. ಒಂದೇ ಜಾಗದಲ್ಲಿ ಕೊಸರಾಡುತ್ತಿದ್ದರೆ ಆ ಚಕ್ರದ ಡಿಸ್ಕ್ ಬೇಗ ಕಾಯುತ್ತದೆ, ಗಾಳಿ ಬೀಸುವಷ್ಟು ಓಟವೂ ಇರುವುದಿಲ್ಲ. ಕಂಪ್ಯೂಟರ್ ಎಷ್ಟು ಹೊತ್ತು ಬ್ರೇಕ್ ಹಿಡಿದೆ ಅಂತ ಲೆಕ್ಕ ಇಟ್ಟುಕೊಂಡು ಬಿಸಿ ಎಷ್ಟಿರಬಹುದು ಅಂತ ಅಂದಾಜು ಮಾಡುತ್ತದೆ. ಮಿತಿ ಮೀರಿತು ಅನಿಸಿದರೆ ಸಹಾಯ ನಿಲ್ಲಿಸುತ್ತದೆ. ಆಗ ಮಾಡಬೇಕಾದ್ದು ಏನೂ ಇಲ್ಲ. ಗಾಡಿ ನಿಲ್ಲಿಸಿ, ಇಳಿದು, ದಾರಿ ನೋಡುತ್ತಾ ಹತ್ತು ಹದಿನೈದು ನಿಮಿಷ ತಿರುಗಾಡಿ. ಬಿಸಿ ಡಿಸ್ಕಿಗೆ ನೀರು ಮಾತ್ರ ಹಾಕಬೇಡಿ, ಸೊಟ್ಟಗಾಗುತ್ತದೆ.

ಗಾಡಿ ಅಂಗಳಕ್ಕೆ ಬಂದ ಮೇಲೆ ನಾಲ್ಕೂ ಚಕ್ರದ ಒಳಗಡೆ ಕೆಸರು ತೊಳೆಯಿರಿ. ವೀಲ್ ಸೆನ್ಸರಿನ ವೈರು ಅಲ್ಲೇ ಹಾದುಹೋಗುತ್ತದೆ. ಒಂದು ಕಡ್ಡಿ ಸಿಕ್ಕಿ ಎಳೆದರೆ ಸಾಕು, ಎಬಿಎಸ್, ಟ್ರಾಕ್ಷನ್, ಇಎಸ್‌ಪಿ, ಇಳಿಜಾರಿನ ನಿಯಂತ್ರಣ (ಇಳಿಯುವಾಗ ತಾನೇ ಬ್ರೇಕ್ ಹಿಡಿಯುವುದು), ಇವುಗಳ ದೀಪ ಎಲ್ಲಾ ಒಟ್ಟಿಗೆ ಹತ್ತುತ್ತವೆ. ಜನ ಗಾಬರಿಯಾಗಿ ಓಡಿ ಬರುತ್ತಾರೆ, ನಾಲ್ಕು ರೋಗ ಅಂತ. ರೋಗ ಒಂದೇ. ಎಲ್ಲವೂ ಆ ಒಂದೇ ಸೆನ್ಸರಿನ ಮಾತು ಕೇಳುವವು.

---

ಸುಮ್ನೆಓದುವವ

ಸ್ಟೆಪ್ನಿ ಬೇರೆ ಅಳತೆಯದ್ದಾದರೂ ಹೀಗೇ ಗೋಳು ಅಲ್ವಾ? ನನ್ನದರಲ್ಲಿ ಒಂದು ಸಲ ನೇರ ರಸ್ತೆಯಲ್ಲೇ ದೀಪ ಮಿಣುಕುತ್ತಿತ್ತು.

---

ಗ್ರೀಸುಕೈ

ಹೌದು. ಸಣ್ಣ ಟೈರು ಜಾಸ್ತಿ ಸುತ್ತು ತಿರುಗುತ್ತದೆ. ಕಂಪ್ಯೂಟರಿಗೆ ಅದು ಜಾರಿದ ಹಾಗೆ ಕಾಣುತ್ತದೆ.

---

ಇತಿಹಾಸಪ್ರಿಯ

ಎಲ್ಲರೂ ಇದನ್ನು ಹೊಸ ಫ್ಯಾಷನ್ ಎಂಬಂತೆ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸ್‌ಗೆ ಬಂದದ್ದು 1978ರಲ್ಲಿ. ಚಕ್ರದ ವೇಗ ಅಳೆಯುವ ಸೆನ್ಸರ್, ಒಂದೊಂದೇ ಚಕ್ರದ ಬ್ರೇಕನ್ನು ಆಡಿಸುವ ವಾಲ್ವು, ಇವೆರಡು ಬಂದ ಮೇಲೆ ಟ್ರಾಕ್ಷನ್ ಕಂಟ್ರೋಲ್ ಬಹುಪಾಲು ಸಾಫ್ಟ್‌ವೇರ್ ಕೆಲಸ. ಇಎಸ್‌ಪಿ 1995ರಲ್ಲಿ ಬಂತು.

1997ರ ಮರ್ಸಿಡಿಸ್ ಎಂ ಕ್ಲಾಸ್ ಡಿಫ್ ಲಾಕ್ ಬದಲು ನಾಲ್ಕು ಚಕ್ರದ ಬ್ರೇಕನ್ನೇ ನಂಬಿತು. ಅದೇ ವರ್ಷ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ನಲ್ಲಿ ಇಳಿಜಾರಿನ ನಿಯಂತ್ರಣ ಬಂತು. ಅದೂ ಎಬಿಎಸ್ ಯಂತ್ರದ್ದೇ ಮರಿ. ಫ್ರೀಲ್ಯಾಂಡರ್‌ಗೆ ಲೋ ಗೇರ್ ಇರಲಿಲ್ಲ, ಆ ಕೊರತೆ ಮುಚ್ಚಲು ಮಾಡಿದ ಉಪಾಯ. ಆಮೇಲೆ 2004ರ ಡಿಸ್ಕವರಿ 3ರಲ್ಲಿ ಗುಂಡಿ (ನಾಬ್) ತಿರುಗಿಸಿ ಮರಳು, ಕೆಸರು, ಕಲ್ಲು ಅಂತ ಆರಿಸುವ ವ್ಯವಸ್ಥೆ ಬಂತು.

---

ಹಳೇಜೀಪು

ಗುಂಡಿ ತಿರುಗಿಸುವವರಿಗೆ ಡ್ರೈವಿಂಗ್ ಯಾಕೆ ಬೇಕು?

---

ಗೇರುಪೆಟ್ಟಿಗೆ

ಆ ಗುಂಡಿ ಮಾಡುವುದೇ ನಾವು ಇಲ್ಲಿ ಜಗಳ ಆಡುತ್ತಿರುವ ಕೆಲಸ ಸಾರ್. ಸಾಮಾನ್ಯವಾಗಿ ಮರಳಿಗೆ ಹಾಕಿದರೆ ಎಂಜಿನ್ ಕಡಿತ ಸಡಿಲ, ಜಾರಲು ಬಿಡುತ್ತದೆ. ಕಲ್ಲಿಗೆ ಹಾಕಿದರೆ ಬ್ರೇಕ್ ಬೇಗ ಹಿಡಿಯುತ್ತದೆ, ಆಕ್ಸಿಲರೇಟರ್ ಮೆತ್ತಗಾಗುತ್ತದೆ. ಹಿಮ, ಹುಲ್ಲಿಗೆ ಹಾಕಿದರೆ ಶಕ್ತಿ ನಿಧಾನವಾಗಿ ಬಿಡುತ್ತದೆ. ಒಂದೇ ಬಟನ್ನಿಗೆ ಆನ್, ಆಫ್ ಎರಡೇ ಉತ್ತರ ಇರುವುದಕ್ಕಿಂತ ಇದು ವಾಸಿ.

---

ಹಳೇಜೀಪು

ಸರಿ. ನನ್ನದರಲ್ಲಿ ಬಟನ್ನೇ ಇಲ್ಲ. ಚಕ್ರ ತೇಲಿದರೆ ನಾನೇ ಎಡಗಾಲಿನಲ್ಲಿ ಬ್ರೇಕ್ ಮೆಲ್ಲಗೆ ಒತ್ತಿ, ಬಲಗಾಲಿನಲ್ಲಿ ಆಕ್ಸಿಲರೇಟರ್ ಕೊಡುತ್ತೇನೆ. ಮೇಷ್ಟ್ರ ಲೆಕ್ಕವನ್ನು ಕಾಲಿನಲ್ಲೇ ಮಾಡಿದ ಹಾಗೆ. ಎಷ್ಟೋ ಸಲ ಹೀಗೇ ಹೊರಗೆ ಬಂದಿದ್ದೇನೆ.

---

ಲೆಕ್ಕದಮೇಷ್ಟ್ರು

ಇದು ನಿಜವಾದ ವಿದ್ಯೆ. ಒಂದೇ ತೊಡಕು, ಬ್ರೇಕ್ ಪೆಡಲ್ ನಾಲ್ಕೂ ಚಕ್ರಕ್ಕೆ ಹಿಡಿಯುತ್ತದೆ, ಎಳೆಯುವ ಚಕ್ರಕ್ಕೂ. ಕಂಪ್ಯೂಟರ್ ಜಾರುವುದಕ್ಕೆ ಮಾತ್ರ ಹಿಡಿಯುತ್ತದೆ. ಹಾಗಾಗಿ ಕಂಪ್ಯೂಟರಿನಷ್ಟು ಲಾಭ ಇಲ್ಲ.

ಹೊಸ ಗಾಡಿಯವರು ಇದನ್ನು ಪ್ರಯತ್ನಿಸಿ ನಿರಾಶರಾಗಬೇಡಿ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಬ್ರೇಕಿನ ಮಾತೇ ನಡೆಯುತ್ತದೆ, ಎಂಜಿನ್ ಇಳಿದುಬಿಡುತ್ತದೆ. ಸುರಕ್ಷತೆಗೆ ಅಂತ ಹಾಕಿದ್ದು.

---

ಕೆಸರುಗಾಲಿ

ಅಯ್ಯೋ, ಗೆಳೆಯ ಅದನ್ನೇ ಮಾಡು ಅಂತ ಕೂಗುತ್ತಿದ್ದ ಆ ದಿನ! ಮಾಡಿದೆ ಕೂಡ. ಅದಕ್ಕೇ ಇರಬೇಕು ಕೊನೆಗೆ ಎಂಜಿನ್ ಏರದೇ ಇದ್ದದ್ದು.

---

ಗ್ರೀಸುಕೈ

ಇದನ್ನು ಮೊದಲೇ ಹೇಳಬಾರದಿತ್ತಾ ಗುರುಗಳೇ. ನಾನು ಬಿಸಿ, ಡಿಸ್ಕು ಅಂತ ಎರಡು ಪ್ಯಾರಾ ಬರೆದೆ.

---

ಬ್ಯಾಟರಿಬಂಡಿ

ವಿಷಯಾಂತರ, ಕ್ಷಮಿಸಿ. ಎಲೆಕ್ಟ್ರಿಕ್ ಗಾಡಿಯಲ್ಲಿ ಈ ಗೋಳೇ ಇಲ್ಲ. ಮರ್ಸಿಡಿಸ್ ಜಿ 580, ರಿವಿಯನ್‌ನ ನಾಲ್ಕು ಮೋಟಾರಿನ ಗಾಡಿ, ಇವುಗಳಲ್ಲಿ ಚಕ್ರಕ್ಕೊಂದು ಮೋಟಾರ್. ಡಿಫ್ಫೇ ಇಲ್ಲ. ಜಾರುವ ಚಕ್ರಕ್ಕೆ ಕರೆಂಟ್ ಕಡಿಮೆ ಮಾಡಿದರೆ ಆಯಿತು. ಬ್ರೇಕಿನಲ್ಲಿ ಅರ್ಧ ಶಕ್ತಿ ಸುಡುವುದೂ ಬೇಡ.

---

ಹಳೇಜೀಪು

ಚಾರ್ಜ್ ಖಾಲಿಯಾದರೆ ಹಗ್ಗ ಹಿಡಿದು ಬರುವುದು ಯಾವ ಗಾಡಿ?

---

ಬ್ಯಾಟರಿಬಂಡಿ

ನಿಮ್ಮದೇ ಅಣ್ಣ, ಇನ್ಯಾವುದು. ಅದರ ಸಂತೋಷ ನಿಮಗೆ ಬಿಟ್ಟುಕೊಡುತ್ತೇನೆ 🙏

---

ನಿರ್ವಾಹಕ

ಎಲೆಕ್ಟ್ರಿಕ್ ಚರ್ಚೆಗೆ ಬೇರೆ ಎಳೆ ಇದೆ. ಅಲ್ಲಿ ಹೊಡೆದಾಡಿ, ಇಲ್ಲಿ ಬೇಡ.

---

ಹಸಿರುದೀಪ

ಇಳಿಯುವಾಗ ಏನು ಮಾಡಬೇಕು? ಹತ್ತುವುದರ ಬಗ್ಗೆಯೇ ಎಲ್ಲರೂ ಬರೆದಿದ್ದೀರಿ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಎಬಿಎಸ್ ಬಂದು ಗಾಡಿ ನಿಲ್ಲಲೇ ಇಲ್ಲ ಒಂದು ಸಲ. ಎದೆ ಬಾಯಿಗೆ ಬಂದಿತ್ತು.

---

ಗೇರುಪೆಟ್ಟಿಗೆ

ಸಡಿಲ ನೆಲದಲ್ಲಿ ಚಕ್ರ ಪೂರ್ತಿ ನಿಂತರೆ ಮುಂದೆ ಕಲ್ಲು ಮಣ್ಣು ಗುಡ್ಡೆಯಾಗಿ ತಡೆಯುತ್ತದೆ. ಎಬಿಎಸ್ ಚಕ್ರ ನಿಲ್ಲಲು ಬಿಡುವುದಿಲ್ಲ, ಹಾಗಾಗಿ ದೂರ ಜಾಸ್ತಿ. ಅದರ ಬದಲು ಸ್ಟೀರಿಂಗ್ ಕೇಳುತ್ತದೆ, ಅದು ಲಾಭ. ಮದ್ದು ಏನೆಂದರೆ ಬ್ರೇಕ್ ಬೇಕಾಗುವ ವೇಗಕ್ಕೇ ಹೋಗಬಾರದು. ಮೇಲೆಯೇ ನಿಲ್ಲಿಸಿ ಫೋರ್ ಲೋ, ಒಂದನೇ ಗೇರ್, ಎರಡೂ ಕಾಲು ಪೆಡಲ್ ಬಿಟ್ಟು ಕೆಳಗೆ. ಮ್ಯಾನ್ಯುಯಲ್ ಆದರೆ ಕ್ಲಚ್ ಮುಟ್ಟಬೇಡಿ. ಇಳಿಜಾರಿನ ನಿಯಂತ್ರಣ ಇದ್ದರೆ ಅದನ್ನೂ ಹಾಕಿ, ಕಟಕಟ ಸದ್ದು ಬರುತ್ತದೆ, ಹೆದರಬೇಡಿ.

ಹತ್ತಲಾಗದೆ ನಡುವೆ ನಿಂತರೂ ಅಷ್ಟೇ. ರಿವರ್ಸ್ ಹಾಕಿ, ಬಂದ ಗೆರೆಯಲ್ಲೇ ನೇರ ಹಿಂದಕ್ಕೆ ಇಳಿಯಿರಿ. ಏರಿನ ಮಧ್ಯೆ ಅಡ್ಡ ತಿರುಗಿಸಿದರೆ ಗಾಡಿ ಉರುಳುತ್ತದೆ. ಇದನ್ನು ಯಾವ ಬಟನ್ನೂ ಉಳಿಸುವುದಿಲ್ಲ.

---

ಮರಳುಗಾಡಿ

ಇನ್ನೊಂದು. ವಾಪಸ್ ಡಾಂಬರಿಗೆ ಬಂದ ಮೇಲೆ ಎಲ್ಲಾ ಆನ್ ಮಾಡಿ. ಪಾರ್ಟ್ ಟೈಮ್ ಫೋರ್ ವೀಲ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವಂಥದ್ದು) ಆದರೆ ಟೂ ವೀಲ್‌ಗೆ ಹಾಕಿ. ಒಣ ರಸ್ತೆಯಲ್ಲಿ ಫೋರ್ ವೀಲ್‌ನಲ್ಲೇ ತಿರುಗಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಜಗಳ ಆಡುತ್ತವೆ, ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಲೈನ್ ಬಿಗಿಯಾಗುತ್ತದೆ. ಫೋರ್ ವೀಲ್ ಗೇರ್ ಬಿಡಿಸಲೂ ಬರುವುದಿಲ್ಲ.

---

ಕೆಸರುಗಾಲಿ

ಇವತ್ತು ಬೆಳಿಗ್ಗೆ ಮತ್ತೆ ಅದೇ ಏರಿಗೆ ಹೋಗಿ ಬಂದೆ. ಗೆಳೆಯನೂ ಬಂದಿದ್ದ, ಹಗ್ಗ ಮೊದಲೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಫೋರ್ ಲೋ ಹಾಕಿದೆ. ಟ್ರಾಕ್ಷನ್ ಆಫ್ ಅಂತ ದೀಪ ತಾನೇ ಬಂತು, ಗೇರುಪೆಟ್ಟಿಗೆಯವರು ಹೇಳಿದ ಹಾಗೇ. ಬೇಕೆಂದೇ ಅದೇ ಎರಡು ಗುಂಡಿಗೆ ಇಳಿಸಿದೆ. ಚಕ್ರ ತಿರುಗಿತು, ಕಟಕಟ ಶುರುವಾಯಿತು. ಕಾಲು ತೆಗೆಯಬೇಕು ಅಂತ ಮೈಯೆಲ್ಲ ಹೇಳುತ್ತಿತ್ತು. ತೆಗೆಯಲಿಲ್ಲ. ಒಂದು, ಎರಡು ಅಂತ ಜೋರಾಗಿ ಎಣಿಸಿದೆ. ಮೂರಕ್ಕೆ ಗಾಡಿ ಕುಲುಕಿಕೊಂಡು ಎದ್ದು ಬಂತು. ಎಂಜಿನ್ ಸದ್ದು ಬಹಳ ಜಾಸ್ತಿ ಇತ್ತು, ಓಡಿದ್ದು ಮಾತ್ರ ಆಮೆ ಓಟ.

ಎರಡನೇ ಸಲ ಬಟನ್ ಉದ್ದಕ್ಕೆ ಒತ್ತಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ, ಬ್ರೇಕ್ ಆಗಲೂ ಹಿಡಿಯಿತು. ಮೂರನೇ ಸಲ ಎಡದ ದಿಣ್ಣೆಯ ಮೇಲೆ ಹೋದೆ. ಸದ್ದೇ ಬರಲಿಲ್ಲ, ದೀಪವೂ ಮಿಣುಕಲಿಲ್ಲ. ಸುಮ್ನೆ ಹತ್ತಿತು.

---

ಹಳೇಜೀಪು

ಆ ಮೂರನೇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

---

ಗೇರುಪೆಟ್ಟಿಗೆ

ಎರಡು ದಾರಿಯಲ್ಲೂ ಹತ್ತಿದೆ. ಗೆಳೆಯ ಏನಂದರು?

---

ಕೆಸರುಗಾಲಿ

"ಹಗ್ಗ ತಂದದ್ದು ದಂಡ" ಅಂದ. ಆಮೇಲೆ ತನ್ನ ಜೀಪನ್ನು ಅದೇ ಎರಡು ಗುಂಡಿಗೆ ಇಳಿಸಿ ತೋರಿಸುತ್ತೇನೆ ಅಂತ ಹೋದ. ನಾನೇ ಎಳೆದೆ.